ಕತೆ ನೋಡಿದ್ದಾಯಿತು, ಪ್ರತಿ ನೋಡಿದಿರಾ?

‘ಆ ಸೀರೀಸ್ ಹೇಗಿದೆ?’ ಎಂದು ಯಾರನ್ನಾದರೂ ಕೇಳಿ. ಉತ್ತರ ತಕ್ಷಣ ಬರುತ್ತದೆ. ‘ಸೂಪರ್’, ‘ತಲೆನೋವು’, ‘ಎರಡನೇ ಸೀಸನ್‌ವರೆಗೆ ಓಕೆ, ಆಮೇಲೆ ಎಳೆದಿದ್ದಾರೆ’. ಈಗ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ, ‘ನೀನು ನೋಡಿದ ಪ್ರತಿ ಹೇಗಿತ್ತು?’ ಎಂದು ಕೇಳಿ. ಎದುರಿಗಿದ್ದವರು ನಿಮ್ಮ ಮುಖವನ್ನೇ ನೋಡುತ್ತಾರೆ. ಕತೆ ಒಂದೇ ತಾನೇ, ಪ್ರತಿ ಎಂದರೇನು?

ಪುಸ್ತಕ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಒಂದೇ ಕಾದಂಬರಿಯ ಒಂದು ಮುದ್ರಣದಲ್ಲಿ ಅಚ್ಚಿನ ತಪ್ಪುಗಳಿರುತ್ತವೆ, ಇನ್ನೊಂದರಲ್ಲಿ ಒಂದು ಪುಟವೇ ಬಿಟ್ಟುಹೋಗಿರುತ್ತದೆ. ಟಿ.ವಿ. ಸರಣಿಗಳೂ ಹಾಗೆಯೇ. ಅದರಲ್ಲೂ ಸೈನ್ಸ್ ಫಿಕ್ಷನ್ ಸರಣಿಗಳಲ್ಲಿ ಒಂದು ಪ್ರತಿಗೂ ಇನ್ನೊಂದು ಪ್ರತಿಗೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ದೊಡ್ಡದು. ಆ ವ್ಯತ್ಯಾಸವನ್ನು ಹುಡುಕಿ, ಅಳೆದು, ಕಾರಣ ಸಮೇತ ಬರೆಯುವುದೇ ಹೋಮ್ ವಿಡಿಯೊ ವಿಮರ್ಶೆ. ಅಮೆರಿಕ, ಬ್ರಿಟನ್‌ಗಳಲ್ಲಿ ಡಿವಿಡಿ ಬಂದ ಕಾಲದಿಂದಲೂ ಇದೊಂದು ಗಟ್ಟಿಯಾದ ಬರವಣಿಗೆಯ ಪ್ರಕಾರ. ನಮ್ಮಲ್ಲಿ ಸಿನಿಮಾ ವಿಮರ್ಶೆ ಬೇಕಾದಷ್ಟಿದೆ, ಇದು ಮಾತ್ರ ಅಪರೂಪ.

ನನಗೆ ಇದರ ಹುಚ್ಚು ಹಿಡಿಸಿದ್ದು ನನ್ನ ಸೋದರಮಾವ. ಕೆಲವು ವರ್ಷ ಅಮೆರಿಕದಲ್ಲಿದ್ದು ಬೆಂಗಳೂರಿಗೆ ಮರಳಿದ ಅವರು ಮನೆ ಬದಲಿಸುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಡಿಸ್ಕ್‌ಗಳನ್ನು ನನ್ನ ಕೈಗಿಟ್ಟರು. ‘ಇವೆಲ್ಲ ಫೋನಿನಲ್ಲೇ ಸಿಗುತ್ತಲ್ಲ ಮಾವ, ಯಾಕೆ ಇಷ್ಟು ದಿನ ಇಟ್ಕೊಂಡಿದ್ರಿ?’ ಎಂದೆ. ‘ಒಂದೇ ಎಪಿಸೋಡ್‌ನ ಹಳೇದು, ಹೊಸದು ಎರಡೂ ಹಾಕಿ ನೋಡೋ, ಆಮೇಲೆ ಕೇಳು’ ಎಂದರು. ಸೆಮಿಸ್ಟರ್ ರಜೆಯಲ್ಲಿ ನೋಡಿದೆ. ಇ ಅಂಡ್ ಸಿ ಓದುತ್ತಿರುವ ನನಗೆ, ಪಠ್ಯಪುಸ್ತಕದ ಅರ್ಧ ಅಧ್ಯಾಯಗಳು ಆ ಪೆಟ್ಟಿಗೆಯೊಳಗೆ ಸಿಕ್ಕವು.

ಮೂಲ ಎಲ್ಲಿಯದು?

ಒಳ್ಳೆಯ ಡಿಸ್ಕ್ ವಿಮರ್ಶಕ ಮೊದಲು ಕೇಳುವ ಪ್ರಶ್ನೆ: ಈ ಚಿತ್ರ ಯಾವುದರಿಂದ ತೆಗೆದದ್ದು?

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಸರಣಿಯನ್ನೇ ತೆಗೆದುಕೊಳ್ಳಿ. 1987ರಿಂದ 1994ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಏಳು ಸೀಸನ್, 178 ಕಂತುಗಳ ಸರಣಿ ಇದು. ಕ್ಯಾಮೆರಾದೊಳಗೆ ಓಡಿದ್ದು 35 ಎಂಎಂ ಫಿಲ್ಮ್. ಆದರೆ ವಾರಕ್ಕೊಂದು ಕಂತು ಕೊಡಬೇಕಾದ ಒತ್ತಡ, ಖರ್ಚಿನ ಲೆಕ್ಕ ಎರಡೂ ಸೇರಿ, ಆ ಫಿಲ್ಮನ್ನು ವಿಡಿಯೊ ಟೇಪಿಗೆ ವರ್ಗಾಯಿಸಿ ಅಲ್ಲೇ ಸಂಕಲನ ಮಾಡಿದರು. ಆಕಾಶನೌಕೆಯ ಮಾದರಿ, ನಕ್ಷತ್ರಗಳು, ಲೇಸರಿನಂಥ ಕಿರಣಗಳು, ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿದ್ದೂ ಟೇಪಿನ ಮೇಲೆಯೇ. ಅಂದಿನ ಅಮೆರಿಕದ ಟಿ.ವಿ.ಯಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಸುಮಾರು 480 ಗೆರೆಗಳು. ಅಷ್ಟಕ್ಕೆ ಅದು ಸಾಕಿತ್ತು.

ಸಮಸ್ಯೆ ಬಂದದ್ದು ಹೈ ಡೆಫಿನಿಷನ್ ಬಂದಾಗ. ಡಿವಿಡಿಯ ಒಂದು ಫ್ರೇಮಿನಲ್ಲಿ 720 ಗುಣಿಸು 480, ಅಂದರೆ ಸುಮಾರು ಮೂರೂವರೆ ಲಕ್ಷ ಪಿಕ್ಸೆಲ್. ಬ್ಲೂ-ರೇಯಲ್ಲಿ 1920 ಗುಣಿಸು 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಲೆಕ್ಕ ಹಾಕಿದರೆ ಸರಿಯಾಗಿ ಆರು ಪಟ್ಟು. ಟೇಪಿನಲ್ಲಿ ಇಲ್ಲದ ವಿವರವನ್ನು ಎಲ್ಲಿಂದ ತರುವುದು? ತಮಾಷೆ ನೋಡಿ, ಅದಕ್ಕಿಂತ ಇಪ್ಪತ್ತು ವರ್ಷ ಹಳೆಯದಾದ, 1966ರ ಮೂಲ ‘ಸ್ಟಾರ್ ಟ್ರೆಕ್’ಗೆ ಈ ತೊಂದರೆಯೇ ಇರಲಿಲ್ಲ. ಅದರ ಸಂಕಲನವೂ ಫಿಲ್ಮಿನ ಮೇಲೆಯೇ ಮುಗಿದಿತ್ತು. ಹೊಸ ತಂತ್ರಜ್ಞಾನ ಬಳಸಿದ ಸರಣಿಯೇ ಮುಂದಿನ ತಲೆಮಾರಿಗೆ ಹೆಚ್ಚು ಕಷ್ಟ ಕೊಟ್ಟಿತು!

ಸರಣಿಯ ಹಕ್ಕು ಹೊಂದಿದ್ದ ಸಿಬಿಎಸ್ ಸಂಸ್ಥೆ ಸುಲಭದ ದಾರಿ ಹಿಡಿಯಲಿಲ್ಲ. ಉಗ್ರಾಣದಲ್ಲಿದ್ದ ಮೂಲ ನೆಗೆಟಿವ್‌ಗಳನ್ನು ಹೊರತೆಗೆಸಿತು. 25,000ಕ್ಕೂ ಹೆಚ್ಚು ಫಿಲ್ಮ್ ರೀಲುಗಳನ್ನು ಜಾಲಾಡಿ, ಪ್ರತಿ ಕಂತಿನ ಪ್ರತಿ ಶಾಟನ್ನೂ ಹುಡುಕಿ, ಸ್ಕ್ಯಾನ್ ಮಾಡಿ, ಹಳೆಯ ಸಂಕಲನಕ್ಕೆ ಸರಿಹೊಂದುವಂತೆ ಮತ್ತೆ ಜೋಡಿಸಿದರು. ಎಂಟರ್‌ಪ್ರೈಸ್ ನೌಕೆಯ ಮಾದರಿಯನ್ನು ಚಿತ್ರೀಕರಿಸಿದ್ದ ಫಿಲ್ಮ್ ಕೂಡ ಸಿಕ್ಕಿದ್ದರಿಂದ, ಅದನ್ನೇ ಮತ್ತೆ ಹೊಸದಾಗಿ ದೃಶ್ಯದೊಳಗೆ ಕೂರಿಸಿದರು. ಟೇಪಿನ ಮೇಲೆಯೇ ಹುಟ್ಟಿದ್ದ ಪರಿಣಾಮಗಳನ್ನು ಮಾತ್ರ ಹೊಸದಾಗಿ ಮಾಡಬೇಕಾಯಿತು. ಮೊದಲ ಸೀಸನ್ ಬ್ಲೂ-ರೇ 2012ರ ಜುಲೈನಲ್ಲಿ ಬಂತು. ಏಳನೆಯದು ಬಂದಾಗ 2014ರ ಡಿಸೆಂಬರ್.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಡಿವಿಡಿಯಲ್ಲಿ ಬರಿಯ ಕೆಂಪು ಬಟ್ಟೆಯಾಗಿದ್ದ ಸಮವಸ್ತ್ರದಲ್ಲಿ ಬ್ಲೂ-ರೇಯಲ್ಲಿ ನೇಯ್ಗೆ ಕಾಣುತ್ತದೆ. ಗೋಡೆಯ ಮೇಲಿನ ಫಲಕದ ಅಕ್ಷರ ಓದಲು ಬರುತ್ತದೆ. ನೆಗೆಟಿವ್ ಸಿಗದ ಕೆಲವೇ ಸೆಕೆಂಡುಗಳ ತುಣುಕುಗಳನ್ನು ಹಳೆಯ ಟೇಪಿನಿಂದಲೇ ಹಿಗ್ಗಿಸಿ ಹಾಕಿದ್ದಾರೆ. ಅಲ್ಲಿ ಚಿತ್ರ ದಿಢೀರನೆ ಮಂಕಾಗುತ್ತದೆ. ಎಚ್ಚರದ ವಿಮರ್ಶಕ ಅದನ್ನೂ ಗುರುತಿಸುತ್ತಾನೆ. ಎರಡನೇ ಸೀಸನ್ನಿನ ಕೆಲಸವನ್ನು ಹೊರಗಿನ ಬೇರೊಂದು ತಂಡಕ್ಕೆ ಕೊಟ್ಟಾಗ, ಗುಣಮಟ್ಟ ಮೊದಲ ಸೀಸನ್ನಿನಷ್ಟು ಇಲ್ಲವೆಂದು ವಿಮರ್ಶಕರು ಬರೆದದ್ದೂ ಹೀಗೆ ನೋಡಿದ್ದರಿಂದಲೇ.

ಚೌಕಟ್ಟನ್ನು ಯಾರು ಕತ್ತರಿಸಿದರು?

ಎರಡನೇ ಪ್ರಶ್ನೆ ಚಿತ್ರದ ಆಕಾರದ್ದು. ಹಳೆಯ ಟಿ.ವಿ. 4:3, ಇಂದಿನದು 16:9. ಹಳೆಯ ಸರಣಿಯನ್ನು ಹೊಸ ಪರದೆಗೆ ತುಂಬಿಸುವ ಆತುರದಲ್ಲಿ ಏನಾಗುತ್ತದೆ ಎಂಬುದಕ್ಕೆ ‘ಬ್ಯಾಬಿಲಾನ್ 5’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ ರೂಪಿಸಿದ ಈ ಸರಣಿ 1994ರಿಂದ 1998ರವರೆಗೆ ಐದು ಸೀಸನ್ ಓಡಿತು. 110 ಕಂತುಗಳಲ್ಲಿ 92ನ್ನು ಅವರೊಬ್ಬರೇ ಬರೆದರು. ಬಾಹ್ಯಾಕಾಶದ ಯುದ್ಧಗಳನ್ನು ಮಾದರಿಗಳ ಬದಲು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಮಾಡಿದ ಮೊದಮೊದಲ ಟಿ.ವಿ. ಸರಣಿಗಳಲ್ಲಿ ಇದೂ ಒಂದು. ಆರಂಭದಲ್ಲಿ ಆ ಕೆಲಸ ಮಾಡಿದ್ದು ಅಮಿಗಾ ಎಂಬ ಮನೆಬಳಕೆಯ ಕಂಪ್ಯೂಟರುಗಳು.

ನಟರ ದೃಶ್ಯಗಳನ್ನು ಮುಂದೊಂದು ದಿನ ಅಗಲ ಪರದೆ ಬರುತ್ತದೆ ಎಂಬ ಮುಂದಾಲೋಚನೆಯಿಂದ ಅಗಲವಾಗಿಯೇ ಚಿತ್ರೀಕರಿಸಿದ್ದರು. ಗ್ರಾಫಿಕ್ಸ್ ಮಾತ್ರ 4:3ರಲ್ಲಿ, ಟಿ.ವಿ. ಗುಣಮಟ್ಟದಲ್ಲಿ ತಯಾರಾಯಿತು. ಡಿವಿಡಿಗೆ 16:9 ಬೇಕೆಂದಾಗ ಆ ಗ್ರಾಫಿಕ್ಸ್‌ನ ತಲೆ, ಕಾಲು ಎರಡೂ ಕತ್ತರಿಸಿ ಉಳಿದದ್ದನ್ನು ಹಿಗ್ಗಿಸಿದರು. ಲೆಕ್ಕ ಸರಳ: 4:3 ಚಿತ್ರವನ್ನು ಅಗಲ ಕುಗ್ಗಿಸದೆ 16:9 ಮಾಡಿದರೆ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ. 480 ಗೆರೆಗಳಲ್ಲಿ 360 ಮಾತ್ರ ಉಳಿಯುತ್ತವೆ. ಅದನ್ನೇ ಎಳೆದು ಪರದೆ ತುಂಬಿಸಿದರೆ ಮಂಜು ಕವಿದಂತೆ ಕಾಣದೆ ಇನ್ನೇನು? ಇನ್ನೂ ವಿಚಿತ್ರವೆಂದರೆ ನಟ ಮತ್ತು ಗ್ರಾಫಿಕ್ಸ್ ಒಂದೇ ಶಾಟ್‌ನಲ್ಲಿದ್ದರೆ ಆ ಶಾಟ್ ಪೂರ್ತಿ ಮಂಕು, ಮುಂದಿನ ಶಾಟ್‌ನಲ್ಲಿ ಅದೇ ನಟ ಸ್ಪಷ್ಟ.

ಇದನ್ನು ಬರೆದು ಬರೆದು ಇಟ್ಟವರು ವಿಮರ್ಶಕರು ಮತ್ತು ಅಭಿಮಾನಿಗಳು. ಕೊನೆಗೆ 2021ರಲ್ಲಿ ಬಂದ ಪುನಶ್ಚೇತನಗೊಂಡ ಪ್ರತಿಯಲ್ಲಿ ಫಿಲ್ಮನ್ನು ಮತ್ತೆ ಸ್ಕ್ಯಾನ್ ಮಾಡಿ, ಸರಣಿಯನ್ನು ಪ್ರಸಾರವಾದ 4:3 ಆಕಾರಕ್ಕೇ ಮರಳಿಸಿದರು. 2023ರ ಡಿಸೆಂಬರಿನಲ್ಲಿ ಅದೇ ಬ್ಲೂ-ರೇಯಾಗಿ ಬಂತು. ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಕಂಡರೆ ‘ಇದೇನು ಹಳೇ ಕಾಲದ್ದು’ ಎಂದು ಮೂಗು ಮುರಿಯುವವರಿದ್ದಾರೆ. ಇಲ್ಲಿ ಆ ಕಪ್ಪು ಪಟ್ಟಿ ಇರುವುದರಿಂದಲೇ ಚಿತ್ರ ಪೂರ್ತಿ ಕಾಣುತ್ತಿದೆ.

ಏನನ್ನು ಬದಲಿಸಿದರು, ಹೇಳಿದರೇ?

ಹಳೆಯದನ್ನು ಚಂದ ಮಾಡುವ ಹುಮ್ಮಸ್ಸಿನಲ್ಲಿ ಹಳೆಯದೇ ಕಾಣೆಯಾಗಬಾರದು. ಮೂಲ ‘ಸ್ಟಾರ್ ಟ್ರೆಕ್’ನ 79 ಕಂತುಗಳಿಗೆ 2006ರಿಂದ ಹೊಸ ಕಂಪ್ಯೂಟರ್ ಗ್ರಾಫಿಕ್ಸ್ ಸೇರಿಸಿದರು. ಕೆಲವರಿಗೆ ಇಷ್ಟವಾಯಿತು, ಕೆಲವರು ರೇಗಿದರು. 2009ರಲ್ಲಿ ಬ್ಲೂ-ರೇ ಬಂದಾಗ ಅದರಲ್ಲಿ ಎರಡೂ ಇದ್ದವು. ರಿಮೋಟಿನ ಒಂದು ಗುಂಡಿ ಒತ್ತಿದರೆ 1966ರ ಮಾದರಿ ನೌಕೆ, ಇನ್ನೊಮ್ಮೆ ಒತ್ತಿದರೆ ಹೊಸ ನೌಕೆ. ಪುನಶ್ಚೇತನದ ಕೆಲಸದಲ್ಲಿ ಪ್ರಾಮಾಣಿಕತೆ ಎಂದರೆ ನನ್ನ ಮಟ್ಟಿಗೆ ಇದು. ಬದಲಿಸಿದ್ದೇವೆ ಎಂದು ಹೇಳಿ, ಮೂಲವನ್ನೂ ಪಕ್ಕದಲ್ಲೇ ಇಟ್ಟು, ಆಯ್ಕೆಯನ್ನು ನೋಡುಗನಿಗೆ ಬಿಟ್ಟರು.

ಕೆಲವೊಮ್ಮೆ ಡಿಸ್ಕ್ ಬಂದ ಮೇಲೆಯೇ ಸರಣಿಯ ನಿಜರೂಪ ಗೊತ್ತಾಗುವುದೂ ಉಂಟು. 2002ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಬಂದ ‘ಫೈರ್‌ಫ್ಲೈ’ ಅಂಥದ್ದು. ಕತೆ ಶುರುವಾಗುವ ಕಂತನ್ನೇ ವಾಹಿನಿ ಕೊನೆಯಲ್ಲಿ ಪ್ರಸಾರ ಮಾಡಿತು. ಮಾಡಿದ್ದ 14 ಕಂತುಗಳಲ್ಲಿ 11 ಮಾತ್ರ ಪ್ರಸಾರವಾಗಿ ಸರಣಿ ರದ್ದಾಯಿತು. ಮೊದಲ ಅಧ್ಯಾಯವನ್ನು ಕೊನೆಗೆ ಹೊಲಿದ ಪುಸ್ತಕ ಯಾರಿಗೆ ಅರ್ಥವಾದೀತು? 2003ರ ಡಿಸೆಂಬರಿನಲ್ಲಿ 14 ಕಂತುಗಳೂ ಸರಿಯಾದ ಕ್ರಮದಲ್ಲಿ ಡಿವಿಡಿಯಾಗಿ ಬಂದವು. ಟಿ.ವಿ.ಯಲ್ಲಿ ಸೋತಿದ್ದು ಅಂಗಡಿಯಲ್ಲಿ ಗೆದ್ದಿತು. ಆ ಮಾರಾಟದ ಬಲ ಮತ್ತು ಅಭಿಮಾನಿಗಳ ಒತ್ತಾಯದಿಂದ 2005ರಲ್ಲಿ ‘ಸೆರೆನಿಟಿ’ ಎಂಬ ಸಿನಿಮಾವೇ ಬಂತು. ಆದ್ದರಿಂದ ಡಿಸ್ಕ್ ವಿಮರ್ಶೆಯಲ್ಲಿ ‘ಕಂತುಗಳ ಕ್ರಮ ಸರಿಯಿದೆಯೇ?’ ಎಂಬ ಸಣ್ಣ ಪ್ರಶ್ನೆಗೂ ಜಾಗವಿದೆ.

ಕಿವಿಯೂ ಬೇಕು, ಗಡಿಯಾರವೂ ಬೇಕು

ಸಿನಿಮಾ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಭಾರತ, ಬ್ರಿಟನ್ ಸೇರಿದಂತೆ ಪ್ಯಾಲ್ ಪದ್ಧತಿಯ ದೇಶಗಳಲ್ಲಿ ಟಿ.ವಿ. ಸೆಕೆಂಡಿಗೆ 25 ಫ್ರೇಮ್. ಹಾಗಾಗಿ ಫಿಲ್ಮಿನಲ್ಲಿ ಇರುವುದನ್ನು ಪ್ಯಾಲ್ ಡಿವಿಡಿ ಮಾಡುವಾಗ ಸಾಮಾನ್ಯವಾಗಿ ಒಂದು ಉಪಾಯ ಮಾಡುತ್ತಿದ್ದರು: ಶೇ 4ರಷ್ಟು ವೇಗವಾಗಿ ಓಡಿಸಿಬಿಡುವುದು. 45 ನಿಮಿಷದ ಕಂತು 43 ನಿಮಿಷ 12 ಸೆಕೆಂಡಿಗೆ ಮುಗಿಯುತ್ತದೆ. ಸ್ವರವನ್ನು ಸರಿಪಡಿಸದಿದ್ದರೆ ಎಲ್ಲರ ದನಿಯೂ ಸ್ವಲ್ಪ ಏರುತ್ತದೆ. ಸಂಗೀತ ಕಲಿತವರ ಕಿವಿಗೆ ಇದು ತಕ್ಷಣ ಗೊತ್ತಾಗುತ್ತದೆ, ಉಳಿದವರು ಗಡಿಯಾರ ನೋಡಿ ತಿಳಿಯಬಹುದು. ‘ಎರಡು ನಿಮಿಷ ಕತ್ತರಿಸಿದ್ದಾರೆ’ ಎಂದು ಯಾರಾದರೂ ದೂರಿದರೆ, ಕತ್ತರಿಯೋ ವೇಗವೋ ಎಂದು ನೋಡುವುದು ವಿಮರ್ಶಕನ ಕೆಲಸ.

ಡಿಸ್ಕ್ ಯಾವ ದೇಶದ್ದು ಎಂಬುದೂ ಮುಖ್ಯ. ಡಿವಿಡಿಗಳಿಗೆ ವಲಯ ಸಂಖ್ಯೆ ಇರುತ್ತದೆ. ಅಮೆರಿಕ 1, ಬ್ರಿಟನ್ 2, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಮಾವನ ಪೆಟ್ಟಿಗೆಯ ಡಿವಿಡಿಗಳನ್ನು ನಮ್ಮ ಮನೆಯ ಹಳೆಯ ಪ್ಲೇಯರ್ ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಕಂಪ್ಯೂಟರ್ ಡ್ರೈವಿನಲ್ಲಿ ವಲಯ ಬದಲಿಸಬಹುದು, ಆದರೆ ಐದು ಸಲ ಮಾತ್ರ. ಆಮೇಲೆ ಕೊನೆಯದಕ್ಕೇ ಬೀಗ ಬೀಳುತ್ತದೆ. ನಾನಿನ್ನೂ ಒಂದೇ ಸಲ ಬದಲಿಸಿದ್ದೇನೆ, ಉಳಿದ ನಾಲ್ಕನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಧ್ವನಿಯ ವಿಷಯದಲ್ಲಿ ವಿಮರ್ಶೆಗೆ ಎಷ್ಟು ಬೆಲೆಯಿದೆ ಎಂಬುದನ್ನು ತೋರಿಸಿದ ಘಟನೆ 2012ರದ್ದು. ‘ನೆಕ್ಸ್ಟ್ ಜನರೇಷನ್’ ಮೊದಲ ಸೀಸನ್ ಬ್ಲೂ-ರೇಯ ಕೆಲವು ಕಂತುಗಳಲ್ಲಿ 7.1 ಧ್ವನಿಯ ಚಾನೆಲ್‌ಗಳು ಅದಲುಬದಲಾಗಿದ್ದವು. ಒಂದು ಸ್ಪೀಕರಿನಲ್ಲಿ ಬರಬೇಕಾದದ್ದು ಇನ್ನೊಂದರಲ್ಲಿ ಬರುತ್ತಿತ್ತು. ನೋಡಿದವರು ದೂರು ಕೊಟ್ಟರು, ಕಂಪನಿ ಒಪ್ಪಿಕೊಂಡು ಕೊಂಡವರಿಗೆ ಬದಲಿ ಡಿಸ್ಕ್‌ಗಳನ್ನು ಕಳಿಸಿತು. ‘ಸೌಂಡ್ ಏನೋ ಸರಿಯಿಲ್ಲ’ ಎಂದು ಗೊಣಗಿ ಸುಮ್ಮನಾಗಿದ್ದರೆ ಆ ತಪ್ಪು ಇಂದಿಗೂ ಹಾಗೇ ಇರುತ್ತಿತ್ತು. ಯಾವ ಡಿಸ್ಕ್, ಯಾವ ಕಂತು, ಯಾವ ಸ್ಪೀಕರ್ ಎಂದು ಹೇಳಬಲ್ಲವರು ಇದ್ದುದರಿಂದ ಸರಿಯಾಯಿತು.

ಉಳಿದದ್ದೆಷ್ಟು?

ಇಲ್ಲಿಯವರೆಗೆ ಹೇಳಿದ್ದೆಲ್ಲ ಗುಣಮಟ್ಟದ ಮಾತು. ಬ್ರಿಟನ್ನಿನ ‘ಡಾಕ್ಟರ್ ಹೂ’ ಸರಣಿಯ ವಿಷಯದಲ್ಲಿ ಪ್ರಶ್ನೆ ಇನ್ನೂ ಮೂಲದ್ದು. ಕಂತು ಇದೆಯೇ, ಇಲ್ಲವೇ?

1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದ ಈ ಸರಣಿ ಇಂದಿಗೂ ದೊಡ್ಡ ಹೆಸರು. ಆದರೆ ಅಂದು ವಿಡಿಯೊ ಟೇಪು ದುಬಾರಿ. ಒಮ್ಮೆ ಪ್ರಸಾರವಾದ ಕಂತಿನ ಮೇಲೆಯೇ ಇನ್ನೊಂದು ಕಾರ್ಯಕ್ರಮ ಮುದ್ರಿಸುವುದು ವಾಡಿಕೆ. ಹೊರದೇಶಗಳಿಗೆ ಮಾರಲು ಮಾಡಿದ ಫಿಲ್ಮ್ ಪ್ರತಿಗಳನ್ನೂ ಕೆಲಸ ಮುಗಿದ ಮೇಲೆ ನಾಶ ಮಾಡುತ್ತಿದ್ದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಇದನ್ನು ಮುಂದೆ ಜನ ಕೊಂಡು ಮನೆಯಲ್ಲಿ ನೋಡುತ್ತಾರೆ ಎಂದು ಅಂದು ಯಾರೂ ಊಹಿಸಿರಲಿಲ್ಲ, ಅಷ್ಟೆ. ಪರಿಣಾಮ, 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಂದಿಗೂ ಇಲ್ಲ.

ಆದರೂ ಆ ಕಂತುಗಳ ಧ್ವನಿ ಪೂರ್ತಿ ಉಳಿದಿದೆ. ಅಂದಿನ ಹುಡುಗರು ಮನೆಯ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಧ್ವನಿ ಮುದ್ರಿಸಿಕೊಂಡಿದ್ದರು! ಆ ಧ್ವನಿಗೆ ಹೊಸದಾಗಿ ಆ್ಯನಿಮೇಷನ್ ಮಾಡಿ ಡಿಸ್ಕ್ ತಂದಿದ್ದಾರೆ. 2016ರಲ್ಲಿ ಹಾಗೆ ಬಂದದ್ದು ‘ದಿ ಪವರ್ ಆಫ್ ದಿ ಡೇಲೆಕ್ಸ್’. 2013ರಲ್ಲಿ ನೈಜೀರಿಯಾದ ಜೋಸ್ ನಗರದ ಟಿ.ವಿ. ಕೇಂದ್ರವೊಂದರಲ್ಲಿ ಕಳೆದುಹೋಗಿದ್ದ ಒಂಬತ್ತು ಕಂತುಗಳ ಫಿಲ್ಮ್ ಸಿಕ್ಕಿದ್ದು ದೊಡ್ಡ ಸುದ್ದಿಯಾಗಿತ್ತು.

ನನ್ನನ್ನು ಬೆರಗುಗೊಳಿಸಿದ್ದು ಬಣ್ಣದ ಕತೆ. 1970ರಿಂದ ಸರಣಿ ಬಣ್ಣದಲ್ಲಿ ಬಂತು. ಕೆಲವು ಕಂತುಗಳ ಬಣ್ಣದ ಟೇಪು ಅಳಿಸಿಹೋಗಿ, ಕಪ್ಪು–ಬಿಳುಪು ಫಿಲ್ಮ್ ಮಾತ್ರ ಉಳಿಯಿತು. ಆ ಫಿಲ್ಮ್ ಮಾಡುವ ವಿಧಾನ ಏನೆಂದರೆ, ಕಪ್ಪು–ಬಿಳುಪು ಪರದೆಯಲ್ಲಿ ಕಂತನ್ನು ಓಡಿಸಿ ಅದನ್ನು ಫಿಲ್ಮ್ ಕ್ಯಾಮೆರಾದಲ್ಲಿ ಸೆರೆಹಿಡಿಯುವುದು. ಪ್ಯಾಲ್ ಸಂಕೇತದಲ್ಲಿ ಬಣ್ಣದ ಮಾಹಿತಿ ಸುಮಾರು 4.43 ಮೆಗಾಹರ್ಟ್ಸ್ ಉಪವಾಹಕ ತರಂಗದ ಮೇಲೆ ಸವಾರಿ ಮಾಡುತ್ತದೆ ಎಂದು ನಾವು ಓದುತ್ತೇವೆ. ಅದನ್ನು ಸೋಸಿ ತೆಗೆಯದೆ ಬಿಟ್ಟಾಗ ಪರದೆಯ ಮೇಲೆ ಸಣ್ಣ ಸಣ್ಣ ಚುಕ್ಕಿಗಳ ವಿನ್ಯಾಸ ಮೂಡುತ್ತದೆ. ಅಂದಿನವರಿಗೆ ಅದು ಕಿರಿಕಿರಿ. ದಶಕಗಳ ನಂತರ ಅದೇ ಚುಕ್ಕಿಗಳನ್ನು ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್ ಮೂಲಕ ಓದಿ, ಕಪ್ಪು–ಬಿಳುಪು ಫಿಲ್ಮಿನಿಂದ ಮೂಲ ಬಣ್ಣವನ್ನೇ ಹೊರತೆಗೆದರು. 2009ರಲ್ಲಿ ಡಿವಿಡಿಗೆ ಬಂದ ‘ಪ್ಲಾನೆಟ್ ಆಫ್ ದಿ ಡೇಲೆಕ್ಸ್’ನ ಮೂರನೇ ಕಂತಿನಲ್ಲಿ, 2013ರ ‘ದಿ ಮೈಂಡ್ ಆಫ್ ಈವಿಲ್’ ಡಿವಿಡಿಯ ಹೆಚ್ಚಿನ ಕಂತುಗಳಲ್ಲಿ ಈ ವಿಧಾನ ಬಳಕೆಯಾಗಿದೆ. ನನ್ನ ತಾಂತ್ರಿಕ ಸೆಮಿನಾರಿಗೆ ಇದನ್ನೇ ಆರಿಸಿಕೊಂಡೆ. ‘ಕೆಲಸಕ್ಕೆ ಬಾರದ ನಾಯ್ಸ್ ಅಂದುಕೊಂಡಿದ್ದರಲ್ಲೇ ಸಿಗ್ನಲ್ ಇತ್ತಲ್ಲೋ’ ಎಂದು ನಮ್ಮ ಮೇಷ್ಟ್ರು ಖುಷಿಪಟ್ಟರು.

ಇಂಥ ಡಿಸ್ಕ್‌ಗೆ ವಿಮರ್ಶೆ ಬರೆಯುವವರು ‘ಪ್ರಿಂಟ್ ಹಳೆಯದು, ಎರಡೂವರೆ ಸ್ಟಾರ್’ ಎಂದರೆ ಅನ್ಯಾಯವಾಗುತ್ತದೆ. ಏನು ಸಿಕ್ಕಿತ್ತು, ಅದರಿಂದ ಏನು ಮಾಡಿದ್ದಾರೆ ಎಂಬುದನ್ನು ಸೇರಿಸಿ ಅಳೆಯಬೇಕು. ಒಳ್ಳೆಯ ನೆಗೆಟಿವ್ ಕೈಯಲ್ಲಿದ್ದೂ ಮುಖಗಳನ್ನು ಮೇಣದ ಗೊಂಬೆಯಂತೆ ನುಣುಪು ಮಾಡಿದ ಡಿಸ್ಕ್‌ಗಿಂತ, ಹರಿದ ಫಿಲ್ಮಿನಿಂದ ಬಣ್ಣ ತಂದ ಡಿಸ್ಕ್ ಹೆಚ್ಚು ಅಂಕಕ್ಕೆ ಅರ್ಹ.

ಎಲ್ಲವೂ ಆನ್‌ಲೈನ್ ಇರುವಾಗ ಇದೆಲ್ಲ ಯಾಕೆ?

ಹಾಸ್ಟೆಲ್ ಗೆಳೆಯರು ಕೇಳುವ ಪ್ರಶ್ನೆ ಇದೇ. ‘ಒಟಿಟಿ ಇರೋವಾಗ ಡಿಸ್ಕ್ ಯಾಕೆ ಮಗಾ?’ ಕೇಳುವುದರಲ್ಲಿ ತಪ್ಪಿಲ್ಲ. ನಮ್ಮೂರುಗಳಲ್ಲಿ ಸಿ.ಡಿ. ಅಂಗಡಿಗಳು ಹೆಚ್ಚುಕಡಿಮೆ ಮರೆಯಾಗಿವೆ. ಅಮೆರಿಕದಲ್ಲೂ ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸುವ ತನ್ನ ಹಳೆಯ ಸೇವೆಯನ್ನು 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು.

ಆದರೆ ‘ವೆಸ್ಟ್‌ವರ್ಲ್ಡ್’ ಏನಾಯಿತು ನೋಡಿ. ನಾಲ್ಕು ಸೀಸನ್‌ಗಳ ಈ ದುಬಾರಿ ಸೈನ್ಸ್ ಫಿಕ್ಷನ್ ಸರಣಿಯನ್ನು ಅದರ ಸ್ವಂತ ಕಂಪನಿಯೇ 2022ರ ಡಿಸೆಂಬರಿನಲ್ಲಿ ಎಚ್‌ಬಿಒ ಮ್ಯಾಕ್ಸ್‌ನಿಂದ ತೆಗೆದುಹಾಕಿತು. ಮರುವರ್ಷ ಜೂನ್‌ನಲ್ಲಿ ಮಕ್ಕಳ ಸರಣಿ ‘ಸ್ಟಾರ್ ಟ್ರೆಕ್: ಪ್ರಾಡಿಜಿ’ಯೂ ಪ್ಯಾರಮೌಂಟ್ ಪ್ಲಸ್‌ನಿಂದ ಮಾಯವಾಯಿತು. ಅದೃಷ್ಟಕ್ಕೆ ನೆಟ್‌ಫ್ಲಿಕ್ಸ್ ಅದನ್ನು ಕೈಹಿಡಿಯಿತು. ಟೇಪು ಅಳಿಸಿದ ಕಾಲ ಮುಗಿಯಿತು ಎಂದುಕೊಂಡಿದ್ದೆವು. ಈಗ ಟೇಪು ಅಳಿಸಬೇಕಾಗಿಲ್ಲ, ಪಟ್ಟಿಯಿಂದ ಹೆಸರು ತೆಗೆದರೆ ಸಾಕು. ಕಪಾಟಿನಲ್ಲಿ ಡಿಸ್ಕ್ ಇದ್ದವರ ಮನೆಯಲ್ಲಿ ಮಾತ್ರ ಆ ಸರಣಿ ಇದ್ದಲ್ಲೇ ಇರುತ್ತದೆ.

ಗುಣಮಟ್ಟದ ವಿಷಯವೂ ಇದೆ. ಬ್ಲೂ-ರೇ ಡಿಸ್ಕ್‌ನಲ್ಲಿ 25 ಅಥವಾ 50 ಜಿಬಿ ಜಾಗ; ವಿಡಿಯೊಗೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಅವಕಾಶ. ಸ್ಟ್ರೀಮಿಂಗ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಬಾಹ್ಯಾಕಾಶದ ಕತ್ತಲಿನ ದೃಶ್ಯದಲ್ಲಿ ಇದು ಸ್ಪಷ್ಟ. ಕಪ್ಪು ಆಕಾಶ ಚೌಕ ಚೌಕವಾಗಿ ಒಡೆಯುತ್ತದೆ, ಸಣ್ಣ ನಕ್ಷತ್ರಗಳು ನುಂಗಿಹೋಗುತ್ತವೆ.

ಇನ್ನೊಂದು ಕಹಿ ಸತ್ಯವೂ ಇದೆ. ‘ನೆಕ್ಸ್ಟ್ ಜನರೇಷನ್’ ಬ್ಲೂ-ರೇ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದರ ನಂತರದ ‘ಡೀಪ್ ಸ್ಪೇಸ್ ನೈನ್’ ಮತ್ತು ‘ವಾಯೇಜರ್’ ಸರಣಿಗಳೂ ತಲಾ ಏಳು ಸೀಸನ್ನಿನವು, ಹೀಗೆಯೇ ಟೇಪಿನಲ್ಲಿ ಸಂಕಲನಗೊಂಡವು. ಅವುಗಳಿಗೆ ಈ ಪುನಶ್ಚೇತನದ ಭಾಗ್ಯ ಸಿಗಲೇ ಇಲ್ಲ. ‘ಡೀಪ್ ಸ್ಪೇಸ್ ನೈನ್’ ಕುರಿತ ಸಾಕ್ಷ್ಯಚಿತ್ರವೊಂದಕ್ಕಾಗಿ ಕೆಲವು ದೃಶ್ಯಗಳನ್ನು ಹೈ ಡೆಫಿನಿಷನ್‌ಗೆ ತಂದಿದ್ದರು. ಅವನ್ನು ನೋಡಿದರೆ ಉಳಿದದ್ದು ಹೇಗಿರಬಹುದಿತ್ತು ಎಂದು ಹೊಟ್ಟೆ ಉರಿಯುತ್ತದೆ. ಒಳ್ಳೆಯ ಕೆಲಸವನ್ನು ಒಳ್ಳೆಯದು ಎಂದು ಗುರುತಿಸುವವರು, ಅದಕ್ಕೆ ಹಣ ಕೊಡುವವರು ಸಾಲದಿದ್ದರೆ ಮುಂದಿನ ಕೆಲಸ ನಡೆಯುವುದಿಲ್ಲ.

ನೀವೂ ಬರೆಯಬಹುದು

ಇದನ್ನು ಬರೆಯಲು ದೊಡ್ಡ ಹೋಮ್ ಥಿಯೇಟರ್ ಬೇಕಿಲ್ಲ. ನನ್ನ ಬಳಿ ಇರುವುದು ಸೆಕೆಂಡ್ ಹ್ಯಾಂಡ್ ಡ್ರೈವ್, ಲ್ಯಾಪ್‌ಟಾಪ್, ಒಂದು ಜೊತೆ ಹೆಡ್‌ಫೋನ್. ಡಿಸ್ಕೇ ಬೇಕೆಂದೂ ಇಲ್ಲ, ಒಟಿಟಿಯಲ್ಲಿ ಸಿಗುವ ಪ್ರತಿಗೂ ಇದೇ ಪ್ರಶ್ನೆಗಳು ಸಲ್ಲುತ್ತವೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇವನ್ನು ಬರೆದಿಟ್ಟುಕೊಂಡಿದ್ದೇನೆ: ಮೂಲ ಯಾವುದು? ಆಕಾರ ಮೂಲದ್ದೇ? ಅವಧಿ ಸರಿಯಿದೆಯೇ? ಏನು ಬದಲಿಸಿದ್ದಾರೆ, ಹೇಳಿದ್ದಾರೆಯೇ? ಧ್ವನಿ ಎಲ್ಲಿಂದ ಬರುತ್ತಿದೆ? ಕಂತುಗಳು ಪೂರ್ತಿ ಇವೆಯೇ, ಕ್ರಮದಲ್ಲಿವೆಯೇ? ಅಡಿಬರಹ ಮಾತಿಗೆ ಹೊಂದುತ್ತದೆಯೇ?

ನಿಯಮ ಒಂದೇ. ಪ್ರತಿ ಟೀಕೆಯ ಜೊತೆಗೂ ಕಂತಿನ ಹೆಸರು, ನಿಮಿಷ, ಸೆಕೆಂಡು ಇರಬೇಕು. ಓದಿದವರು ಅದೇ ಜಾಗಕ್ಕೆ ಹೋಗಿ ನೋಡಿ ‘ಹೌದು’ ಎನ್ನಬೇಕು, ಇಲ್ಲವೇ ‘ನೀನು ಹೇಳಿದ್ದು ಸುಳ್ಳು’ ಎನ್ನಲು ಅವರಿಗೆ ಅವಕಾಶವಿರಬೇಕು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ದೋಷ ವರದಿ ಬರೆಯುವ ಕ್ರಮವೂ ಇದೇ ಎಂದು ಕೆಲಸಕ್ಕೆ ಸೇರಿದ ಸೀನಿಯರ್‌ಗಳು ಹೇಳುತ್ತಾರೆ. ಎಲ್ಲಿ, ಯಾವಾಗ, ಹೇಗೆ ಕಂಡಿತು, ಮತ್ತೆ ಕಾಣುತ್ತದೆಯೇ? ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವವರಿಗೆ ಇದಕ್ಕಿಂತ ಖುಷಿಯ ಅಭ್ಯಾಸ ಬೇರೆ ಸಿಗಲಿಕ್ಕಿಲ್ಲ. ವಿಡಿಯೊ ಕಂಪ್ರೆಷನ್, ಇಮೇಜ್ ಪ್ರೊಸೆಸಿಂಗ್ ಓದುವವರಿಗಂತೂ ಪ್ರತಿ ಡಿಸ್ಕೂ ಒಂದು ಪ್ರಯೋಗಾಲಯ.

ಎಲ್ಲದಕ್ಕೂ ಐದು ಸ್ಟಾರ್ ಅಥವಾ ಒಂದೇ ಸ್ಟಾರ್ ಕೊಟ್ಟು ಮುಂದೆ ಹೋಗುವ ಕಾಲದಲ್ಲಿ ನಾವು ಬೆಳೆಯುತ್ತಿದ್ದೇವೆ. ಅರವತ್ತು ವರ್ಷದ ಹಿಂದೆ ಟಿ.ವಿ. ಮುಂದೆ ರೆಕಾರ್ಡರ್ ಹಿಡಿದು ಕುಳಿತ ಹುಡುಗರಿಗೆ ತಾವು ಏನನ್ನೋ ಉಳಿಸುತ್ತಿದ್ದೇವೆ ಎಂಬ ಅರಿವು ಇದ್ದಿರಲಾರದು. ಇಷ್ಟಪಟ್ಟಿದ್ದನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ಮಾತ್ರ ಇತ್ತು. ಅವರಲ್ಲಿ ಇಲ್ಲದ ಸೌಲಭ್ಯ ಇಂದು ನಮ್ಮ ಜೇಬಿನಲ್ಲಿದೆ. ಮುಂದಿನ ಸಲ ನಿಮಗಿಷ್ಟವಾದ ಸರಣಿ ನೋಡುವಾಗ ಒಂದು ನಿಮಿಷ ನಿಲ್ಲಿಸಿ, ಅದು ಯಾವ ಪ್ರತಿ ಎಂದು ನೋಡಿ. ತಪ್ಪು ಕಂಡರೆ ಬರೆದಿಡಿ, ಯಾರದೋ ವರ್ಷಗಳ ಶ್ರಮ ಕಂಡರೆ ಅದನ್ನೂ ಬರೆದಿಡಿ.